ಆಂಧ್ರದ ಜಾತಿ ಸರ್ಟಿಫಿಕೇಟು ಹಿಡ್ಕೊಂಡು ನಾಮಿನೇಷನ್ನಿಗೆ ಬರೋರಿಗೆ

ಪಂಚಾಯ್ತಿ ಎಲೆಕ್ಷನ್ ಸುದ್ದಿ ಬಿದ್ರೆ ಸಾಕು, ಚಿತ್ರದುರ್ಗದ ನನ್ನ ಆಫೀಸಿಗೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಒಂದು ಪ್ಲಾಸ್ಟಿಕ್ ಕವರು ಬಂದೇ ಬರುತ್ತೆ. ಒಳಗೆ ಮಡಚಿ ಮಡಚಿ ಹರಿದ, ತೆಲುಗಲ್ಲಿರೋ ಜಾತಿ ಸರ್ಟಿಫಿಕೇಟಿನ ಜೆರಾಕ್ಸು. ಬರೋದೂ ಯಾವಾಗ, ನಾಮಿನೇಷನ್ ಮುಗಿಯೋ ಹಿಂದಿನ ದಿನ ಸಂಜೆ. "ಜಾತಿ ಅದೇ ಅಲ್ವಾ ಸಾರ್, ಇಲ್ಲೂ ಲಿಸ್ಟಲ್ಲಿದೆ, ನಡಿಯುತ್ತಲ್ವಾ?"

ನಡಿಯಲ್ಲ. ಎಷ್ಟು ಸಲ ಹೇಳೋದು.

ಹೋದ ಸಲ ಬಂದಿದ್ದು ಒಬ್ಬ ಲಂಬಾಣಿ ಅಕ್ಕ. ಹುಟ್ಟಿದ್ದು ಆಂಧ್ರದ ಕಲ್ಯಾಣದುರ್ಗದ ಕಡೆ ತಾಂಡಾದಲ್ಲಿ, ಮದುವೆಯಾಗಿ ಚಳ್ಳಕೆರೆ ಸೀಮೆಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ರೇಷನ್ ಕಾರ್ಡು ಇಲ್ಲೇ, ವೋಟು ಇಲ್ಲೇ, ಸಂಘದ ಲೋನ್ ವಿಷಯಕ್ಕೆ ಆಯಮ್ಮ ಹೋದ್ರೆ ಬ್ಯಾಂಕಿನೋರು ಕುರ್ಚಿ ಹಾಕ್ತಾರಂತೆ. ಜೊತೆಗೆ ಬಂದಿದ್ದ ಮೈದುನ, "ಆ ಕಡಿ ಎಸ್‌ಟಿ, ಈ ಕಡಿ ಎಸ್‌ಸಿ, ಎರಡ್ರಲ್ಲಿ ಯಾವ್ದು ಸಿಕ್ರೂ ಹಾಕ್ಸಿ ಸಾರ್" ಅಂದ, ಬಸ್ಸಲ್ಲಿ ಸೀಟು ಹಿಡಿಯೋ ಹಂಗೆ.

ಅವನು ಹೇಳಿದ್ರಲ್ಲಿ ಸುಳ್ಳೇನಿಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಎಸ್‌ಸಿ, ಆಂಧ್ರ ತೆಲಂಗಾಣದಲ್ಲಿ ಎಸ್‌ಟಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಎಲ್ಲ ಕಡೆಯೋರೂ ಬಂದು ಒಂದೇ ಸೇವಾಲಾಲರಿಗೆ ಕೈಮುಗೀತಾರೆ, ಊರಿಗೆ ವಾಪಸ್ ಹೋದ್ರೆ ಒಬ್ಬೊಬ್ರದ್ದು ಒಂದೊಂದು ಪಟ್ಟಿ. ಬೇಡರ ಕಥೆನೂ ಅದೇ, ಮೊಳಕಾಲ್ಮೂರಲ್ಲಿ ನಾಯಕರು ಎಸ್‌ಟಿ, ಪಕ್ಕದ ಆಂಧ್ರದ ರಾಯದುರ್ಗದಲ್ಲಿ ಅವರೇ ಬೋಯಗಳು, ಬಿ.ಸಿ., ಅಂದ್ರೆ ಹಿಂದುಳಿದ ವರ್ಗ.

ಇದಿಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿಂದು. ಎರಡೂ ರಾಜ್ಯದಲ್ಲಿ ಒಂದೇ ಜಾತಿ ಒಂದೇ ಪಟ್ಟಿಲಿದ್ರೂ ಆ ಕಡೆಯಿಂದ ಬಂದೋರಿಗೆ ಈ ಕಡೆ ಮೀಸಲು ಸಿಗಲ್ಲ. ಸಂವಿಧಾನದ 341, 342ನೇ ವಿಧಿಲಿ "ಆ ರಾಜ್ಯಕ್ಕೆ ಸಂಬಂಧಿಸಿದಂತೆ" ಅನ್ನೋ ಮಾತಿದೆ ನೋಡಿ, ಎಲ್ಲಾ ನಿಂತಿರೋದು ಅದರ ಮೇಲೆ. ಹೆಸರು ಮಾತ್ರ ನೋಡಲ್ಲ, 1950ರಲ್ಲಿ ಪಟ್ಟಿ ಹೊರಟಾಗ ನಿಮ್ಮ ಅಪ್ಪ ಅಜ್ಜನ ಮನೆತನ ಯಾವ ರಾಜ್ಯದ್ದು ಅಂತ ಕೇಳ್ತಾರೆ. ಸುಪ್ರೀಂ ಕೋರ್ಟು 1990ರಲ್ಲಿ ಹೇಳ್ತು, 2018ರಲ್ಲಿ ಐದು ಜಡ್ಜುಗಳ ಪೀಠ ಕೂತು ಅದನ್ನೇ ಗಟ್ಟಿ ಮಾಡ್ತು. ಅದೇ ವರ್ಷ ಪಂಜಾಬಿಂದ ಉತ್ತರಾಖಂಡಕ್ಕೆ ಮದುವೆಯಾಗಿ ಹೋಗಿದ್ದ ವಾಲ್ಮೀಕಿ ಹೆಣ್ಣುಮಗಳೊಬ್ಬಳಿಗೂ, ಎರಡೂ ಕಡೆ ಆ ಜಾತಿ ಎಸ್‌ಸಿ ಪಟ್ಟಿಲಿದ್ರೂ, ಮೀಸಲು ಇಲ್ಲ ಅಂತು.

ಇನ್ನೊಂದು ಗುಂಡಿ ಇದೆ, ಜನ ಬೀಳೋದೇ ಅದರಲ್ಲಿ. ವಲಸೆ ಬಂದೋರಿಗೆ ಮೂಲ ರಾಜ್ಯದ ದಾಖಲೆ ನೋಡಿ ಇಲ್ಲಿನ ಅಧಿಕಾರಿನೂ ಸರ್ಟಿಫಿಕೇಟು ಕೊಡಬಹುದು, ಆದ್ರೆ ಅದು ಮೂಲ ರಾಜ್ಯದ ಪಟ್ಟಿಗೆ ಸೇರಿದ್ದು. ಕರ್ನಾಟಕದ ಸೀಲು ಬಿತ್ತು ಅಂತ ಕರ್ನಾಟಕದ ಮೀಸಲು ಬರಲ್ಲ ಕಣ್ರೀ.

"ಮತ್ತೆ ಮುಧೋಳದ ಗೋವಿಂದ ಕಾರಜೋಳರು ಇಲ್ಲಿ ಬಂದು ಎಂಪಿ ಆದ್ರಲ್ಲ" ಅಂತಾರೆ. ಅಯ್ಯಾ, ಮುಧೋಳ ಕರ್ನಾಟಕದಲ್ಲೇ ಇದೆ! ಜಿಲ್ಲೆ ಬದಲಾದ್ರೆ ಪಟ್ಟಿ ಬದಲಾಗಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯ್ತು, ಯಾರ ಜಾತಿ ಏನಾಯ್ತು? ತಮಾಷೆ ಅಂದ್ರೆ ಲೋಕಸಭೆಗೆ ಬೇರೆ ರಾಜ್ಯದ ಎಸ್‌ಸಿಯೂ ಬಂದು ಎಸ್‌ಸಿ ಮೀಸಲು ಸೀಟಿಗೆ ನಿಲ್ಲಬಹುದು, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 4ನೇ ಸೆಕ್ಷನ್ ಒಪ್ಪುತ್ತೆ. ವಿಧಾನಸಭೆಗೆ 5ನೇ ಸೆಕ್ಷನ್ ಒಪ್ಪಲ್ಲ, ಅಲ್ಲಿ ಈ ರಾಜ್ಯದ ಎಸ್‌ಸಿಯೇ ಆಗಿರ್ಬೇಕು. ಅಂದ್ರೆ ಆಂಧ್ರದ ಎಸ್‌ಸಿ ಒಬ್ಬರು ಚಿತ್ರದುರ್ಗಕ್ಕೆ ಎಂಪಿ ಆಗಬಹುದು, ಹೊಳಲ್ಕೆರೆಗೆ ಎಂಎಲ್ಎ ಆಗೋಕಾಗಲ್ಲ.

ನನಗೆ ಇದರಲ್ಲಿ ಬೇಜಾರಿರೋದು ಬೇರೆ ಕಡೆ. ಪಂಚಾಯ್ತಿಲಿ ಅರ್ಧ ಸೀಟು ಹೆಂಗಸರಿಗೆ. ಮದುವೆಯಾಗಿ ಗಡಿ ದಾಟಿ ಬರೋಳೂ ಹೆಂಗಸೇ. ಗಂಡಸು ಹುಟ್ಟಿದ ತಾಂಡಾದಲ್ಲೇ ಕೂತಿರ್ತಾನೆ, ಅವನ ಸರ್ಟಿಫಿಕೇಟಿಗೆ ಏನೂ ಆಗಲ್ಲ. ಗಡಿ ತಾಂಡಾಗಳಲ್ಲಿ ಎಸ್‌ಸಿ ಮಹಿಳೆ ಸೀಟು ಬಂದ್ರೆ ಓಡಾಡಿ ಕೆಲಸ ಮಾಡೋ ಸೊಸೆಯಂದಿರು ನಿಲ್ಲೋ ಹಂಗಿಲ್ಲ. ಈ ಕಾನೂನು ಬರೆದೋರು ವಲಸೆ ಅಂದ್ರೆ ಕೆಲಸ ಹುಡ್ಕಿ ಹೋಗೋ ಗಂಡಸು ಅಂತ ಮಾತ್ರ ತಿಳ್ಕೊಂಡಿದ್ರೋ ಏನೋ.

ದಾರಿ ಇಲ್ಲ ಅಂತಲ್ಲ. ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಮಾನ್ಯ ಮಹಿಳೆ ಸೀಟಿಗೆ ಧಾರಾಳವಾಗಿ ನಿಲ್ಲಬಹುದು. ಅಪ್ಪ ಇಲ್ಲಿಯವನಾದ್ರೆ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಪಟ್ಟಿನೇ. ಮನುಷ್ಯರು ಕದಲದೆ ರಾಜ್ಯದ ಗಡಿನೇ ಸರಿದಿರೋ ಕುಟುಂಬಗಳ ಲೆಕ್ಕ ಬೇರೆ, 1953ರಲ್ಲಿ ಮೈಸೂರಿಗೆ ಬಂದ ಬಳ್ಳಾರಿ ಕಡೆಯೋರ ಥರ, ಅದನ್ನ ದಾಖಲೆ ನೋಡದೆ ನಾನು ಬಾಯಿ ಬಿಡಲ್ಲ. ಸುಳ್ಳು ಸರ್ಟಿಫಿಕೇಟು ಮಾಡಿಸ್ಕೊಡ್ತೀನಿ ಅನ್ನೋ ಬ್ರೋಕರ್ ಹತ್ರ ಮಾತ್ರ ಹೋಗ್ಬೇಡಿ, ಗೆದ್ದ ಮೇಲೆ ಸೋತೋನು ಮೊದಲು ತೆಗಿಸೋದೇ ಆ ಕಾಗದ.

ಇಷ್ಟೂ ಹೇಳಿದ ಮೇಲೆ ಆ ಅಕ್ಕ ಕವರನ್ನ ಬ್ಯಾಗಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಮಗನಿಗೆ ಹೆಣ್ಣು ನೋಡಿದೀವಿ ಸಾರ್, ನಮ್ಮ ತೌರು ಕಡಿಯೋಳೇ, ಡಿಗ್ರಿ ಮಾಡಿದಾಳೆ. ಬೇಡ ಅಂದ್ಬಿಡ್ಲಾ?" ಅಂದ್ರು.