‘ಬಾರ್’ ಪದದ ನಾನಾರ್ಥಗಳು: ಒಂದು ಅಧ್ಯಯನ ಟಿಪ್ಪಣಿ

ಇಂಗ್ಲಿಷಿನ ‘ಬಾರ್’ ಎಂದೊಡನೆ ಹೆದ್ದಾರಿ ಬದಿಯ ಮದ್ಯದಂಗಡಿಯ ಫಲಕವೇ ನೆನಪಾಗುತ್ತದೆಯಾದರೂ ಅದು ಪದದ ಮೂಲಾರ್ಥವಲ್ಲ. ಹಳೆಯ ಫ್ರೆಂಚಿನಿಂದ ಬಂದ ಈ ಪದ ಮೊದಲಿಗೆ ಸೂಚಿಸಿದ್ದು ಬಾಗಿಲಿಗೆ ಅಡ್ಡಲಾಗಿ ಹಾಕುವ ಅಗುಳಿಯನ್ನು, ಕಂಬಿಯನ್ನು. ‘ಅಡ್ಡ’ ಎಂಬ ಈ ಭಾವವನ್ನು ಹಿಡಿದು ಹೊರಟರೆ ಉಳಿದ ಅರ್ಥಗಳಲ್ಲಿ ಹೆಚ್ಚಿನವು ಬಾಯಿಪಾಠವಿಲ್ಲದೆ ತಿಳಿಯುತ್ತವೆ.

ಮದ್ಯ ಮಾರುವವನಿಗೂ ಕೊಳ್ಳುವವನಿಗೂ ನಡುವಿನ ಅಡ್ಡಕಟ್ಟೆ ‘ಬಾರ್’ ಆಗಿ, ಅದರಿಂದ ಅಂಗಡಿಗೇ ಆ ಹೆಸರು ಬಂತು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರ ಭಾಗವನ್ನು ಬೇರ್ಪಡಿಸುತ್ತಿದ್ದ ಕಟಕಟೆಯೂ ‘ಬಾರ್’ ಎನಿಸಿಕೊಂಡು, ಕ್ರಮೇಣ ವಕೀಲ ಸಮುದಾಯದ ಹೆಸರಾಯಿತು. ಕಾರವಾರ, ಶಿರಸಿಗಳ ವಕೀಲರು ‘ಬಾರ್ ಅಸೋಸಿಯೇಷನ್’ ಎನ್ನುವುದು ಇದೇ ಅರ್ಥದಲ್ಲಿ. (ಈ ಎರಡು ಬಾರುಗಳನ್ನು ಜೋಡಿಸುವ ಹಳಸಿದ ಹಾಸ್ಯವನ್ನು ಬಿಟ್ಟುಬಿಡೋಣ.)

ಕರಾವಳಿಯವರಾದ ನಮಗೆ ಹೆಚ್ಚು ಹತ್ತಿರವಾದದ್ದು ಭೂಗೋಳದ ಅರ್ಥ. ನದಿಯ ನೀರು ಸಮುದ್ರವನ್ನು ಸೇರುವಲ್ಲಿ ವೇಗ ಕಳೆದುಕೊಂಡು ಹೊತ್ತು ತಂದ ಹೂಳನ್ನು ಇಳಿಸುತ್ತದೆ; ಅಲೆಗಳೂ ದಡದುದ್ದಕ್ಕೆ ಹರಿಯುವ ಪ್ರವಾಹವೂ ಮರಳನ್ನು ಅಲ್ಲಿಗೇ ತಳ್ಳುತ್ತವೆ. ಹೀಗೆ ಅಳಿವೆಯ ಬಾಯಿಗೆ ಅಡ್ಡಲಾಗಿ ಬೆಳೆಯುವ ಮರಳದಿಬ್ಬವೇ ‘ಬಾರ್’. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮೀನುಗಾರರನ್ನು ಕಾಡುವ ಹೂಳು ಈ ಬಗೆಯದೇ. ಇಂಥ ಕಡೆ ನೀರು ಆಳವಿಲ್ಲದ ಕಾರಣ ಅಲೆಗಳು ದಿಬ್ಬದ ಮೇಲೆಯೇ ಒಡೆಯುತ್ತವೆ, ದೊಡ್ಡ ದೋಣಿಗಳು ಒಳಬರಲು ಭರತಕ್ಕಾಗಿ ಕಾಯಬೇಕಾಗುತ್ತದೆ. ಆದ್ದರಿಂದ ಬಂದರಿನ ವಿಷಯದ ಗದ್ಯಭಾಗದಲ್ಲಿ ‘ಬಾರ್’ ಕಂಡರೆ ಕಂಬಿಯನ್ನು ಹುಡುಕಬಾರದು.

ಸಾಬೂನಿನ ಬಾರ್, ಬಾರ್ ಗ್ರಾಫ್ ಇವುಗಳಲ್ಲಿ ಉಳಿದಿರುವುದು ಕಂಬಿಯ ಆಕಾರ ಮಾತ್ರ, ವಿವರಣೆ ಬೇಕಿಲ್ಲ.

ಒತ್ತಡದ ಮಾನವಾದ ‘ಬಾರ್’ ಮಾತ್ರ ಈ ಕುಟುಂಬದ್ದೇ ಅಲ್ಲ. ಅದು ಭಾರ ಎಂಬರ್ಥದ ಗ್ರೀಕ್ ಪದದಿಂದ ಬಂದುದರಿಂದ ಒಳ್ಳೆಯ ನಿಘಂಟುಗಳು ಅದನ್ನು ಪ್ರತ್ಯೇಕ ನಮೂದಾಗಿ ಕೊಡುತ್ತವೆ. ಒಂದು ಬಾರ್ ಎಂದರೆ 1,00,000 ಪ್ಯಾಸ್ಕಲ್. ಸಮುದ್ರಮಟ್ಟದ ವಾಯು ಒತ್ತಡ ಸುಮಾರು 1.013 ಬಾರ್. ನೀರಿನಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ಬಾರ್ ಸೇರುವುದರಿಂದ ನೇತ್ರಾಣಿ ದ್ವೀಪದ ಬಳಿ ಅಷ್ಟು ಆಳಕ್ಕೆ ಮುಳುಗಿದವರ ಮೇಲೆ ಗಾಳಿಯದೂ ಸೇರಿ ಸುಮಾರು ಎರಡು ಬಾರ್ ಒತ್ತಡವಿರುತ್ತದೆ.

ಕ್ರಿಯಾಪದವಾದಾಗ ‘ಬಾರ್’ ತಡೆಯುವುದನ್ನೂ ನಿಷೇಧಿಸುವುದನ್ನೂ ಹೇಳುತ್ತದೆ. ಸಾಲದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ನೀಡುವ 3 ವರ್ಷ ಕಳೆದರೆ, ಕೋರ್ಟಿನಲ್ಲಿ ಅದು ‘ಟೈಮ್ ಬಾರ್ಡ್’. ಪರೀಕ್ಷೆಯಲ್ಲಿ ಎಡವಿಸುವುದು ‘ಹೊರತು’ ಎಂಬರ್ಥದ ಬಳಕೆ: ‘ಬಾರ್ ಒನ್’ ಎಂದರೆ ಒಬ್ಬರ ಹೊರತು, ‘ಬಾರ್ ನನ್’ ಎಂದರೆ ಯಾರನ್ನೂ ಬಿಡದೆ.