ನೀರು ಮುಟ್ಟದ ಸೂರ್ಯ

ಡಿಸೆಂಬರಿನ ಒಂದು ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಕ್ಯಾಮೆರಾ ಹೆಗಲಿಗೇರಿಸಿ ಕಾಳಿ ನದಿ ಕಡಲು ಸೇರುವತ್ತ ನಡೆದೆ. ಉತ್ತರ ದಿಕ್ಕನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಈ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗದೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಬೈತಖೋಲದ ಗುಡ್ಡದ ಕಡೆ ವಾಲುತ್ತಾನೆ. ಗುಡ್ಡದಿಂದ ದೂರವಾದಷ್ಟೂ ಚಿತ್ರಕ್ಕೆ ಕಡಲು ಸಿಗುತ್ತದೆ.

ಹೊತ್ತಿನ ಲೆಕ್ಕವೂ ವಿಚಿತ್ರವೇ. ಅತಿ ಗಿಡ್ಡ ಹಗಲು ಡಿಸೆಂಬರ್ 21ರ ಆಸುಪಾಸಿನದು. ಆದರೆ ಇಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಕೊನೆಯಲ್ಲಿ, ಆರು ಗಂಟೆಯ ಹೊತ್ತಿಗೆ. 21ಕ್ಕೆ ಆಗಲೇ ಏಳೆಂಟು ನಿಮಿಷ ತಡ. ಭೂಮಿಯ ಓರೆ ಅಕ್ಷವೂ ಅಂಡಾಕಾರದ ದಾರಿಯೂ ಸೇರಿ ನಡುಹಗಲನ್ನೇ ಮುಂದಕ್ಕೆ ತಳ್ಳುತ್ತಿರುತ್ತವೆ.

"ಇವತ್ತು ನೀರು ಮುಟ್ಟುವುದಿಲ್ಲ, ತಮ್ಮಾ" ಎಂದರು ದಂಡೆಯಲ್ಲಿ ಹರಿದ ಬಲೆ ಹೆಣೆಯುತ್ತಿದ್ದ ಅಜ್ಜ, ತಲೆಯನ್ನೂ ಎತ್ತದೆ. ಹಾಗೆಯೇ ಆಯಿತು. ದಿಗಂತದಿಂದ ಒಂದು ಬೆರಳಿನಷ್ಟು ಮೇಲಿರುವಾಗಲೇ ಬಿಂಬ ತುಕ್ಕುಬಣ್ಣದ ಬಿಲ್ಲೆಯಾಗಿ, ಕೆಳಗಿನ ಅಂಚಿನಿಂದ ಅಳಿಸುತ್ತಾ ಹೋಯಿತು. ಚಾಚಿದ ಕೈಯ ಒಂದು ಬೆರಳೆಂದರೆ ಎಂಟೊಂಬತ್ತು ನಿಮಿಷ. ಅಷ್ಟೂ ಹೋಯಿತು.

ಕದ್ದದ್ದು ಮೋಡವಲ್ಲ, ಮಬ್ಬು. ಚಳಿಗಾಲದ ಈಶಾನ್ಯದ ಗಾಳಿ ನೆಲದ ಹೊಗೆಯನ್ನೂ ಧೂಳನ್ನೂ ಅರಬ್ಬಿ ಸಮುದ್ರದ ಮೇಲೆ ಹರಡುತ್ತದೆ, ತೊಳೆಯಲು ಮಳೆಯಿಲ್ಲ. 1999ರ ಇಂಡೋಯೆಕ್ಸ್ (ಹಿಂದೂ ಮಹಾಸಾಗರ ಪ್ರಯೋಗ) ಅಧ್ಯಯನದಲ್ಲಿ ವಿಜ್ಞಾನಿಗಳು ಹಡಗು, ವಿಮಾನಗಳಲ್ಲಿ ಹೋಗಿ ಇದನ್ನೇ ಅಳೆದರು. ಧೂಳಿದ್ದರೆ ಸಂಜೆ ಚೆನ್ನಾಗಿ ಕೆಂಪೇರುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದಿಗಂತದ ಬೆಳಕು ನೆತ್ತಿಯ ಬೆಳಕಿಗಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ಹಾದು ಬರುತ್ತದೆ. ದಾರಿಯಲ್ಲಿ ನೀಲಿಯನ್ನು ಚದುರಿಸಿ ಕೆಂಪನ್ನು ಉಳಿಸಲು ಗಾಳಿಯ ಅಣುಗಳೇ ಸಾಕು. ಮಬ್ಬಿನ ದಪ್ಪ ಕಣಗಳು ಬಣ್ಣಭೇದವಿಲ್ಲದೆ ಎಲ್ಲವನ್ನೂ ಚದುರಿಸಿ ಆಕಾಶವನ್ನು ನೀರುಮಜ್ಜಿಗೆ ಮಾಡಿಬಿಡುತ್ತವೆ.

ಮುಟ್ಟಿದ್ದರೂ ಅದು ಅಸಲಿ ಸೂರ್ಯನಾಗಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ದಿಗಂತದಲ್ಲಿ ವಾತಾವರಣ ಬೆಳಕನ್ನು ಅರ್ಧ ಡಿಗ್ರಿಗೂ ತುಸು ಹೆಚ್ಚು ಬಗ್ಗಿಸುತ್ತದೆ; ಸೂರ್ಯನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಬಿಂಬದ ಅಂಚು ನೀರಿಗೆ ತಾಗಿದಂತೆ ಕಾಣುವಾಗ ಸೂರ್ಯ ಆಗಲೇ ದಿಗಂತದ ಕೆಳಗಿರುತ್ತಾನೆ.

ಜನ ಮರಳು ಕೊಡವಿಕೊಂಡು ಎದ್ದರು. ನಾನೂ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದೆ. ಅದಾದ ಹತ್ತು ಹದಿನೈದು ನಿಮಿಷಕ್ಕೆ, ಮಬ್ಬಿಗಿಂತ ಎಷ್ಟೋ ಮೇಲಿದ್ದ, ಹಿಂಜಿದ ಹತ್ತಿಯಂಥ ಮೋಡಗಳಿಗೆ ಅಡಿಯಿಂದ ಗುಲಾಬಿ ಹತ್ತತೊಡಗಿತು. ಚೀಲದ ಜಿಪ್ ಅಂದೇ ಸಿಕ್ಕಿಕೊಳ್ಳಬೇಕೆ! ಬಿಡಿಸಿಕೊಳ್ಳುವಷ್ಟರಲ್ಲಿ ಅಜ್ಜ ಬಲೆ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಸಿಕ್ಕಿದ್ದು ಒಂದೇ ಚಿತ್ರ, ಅದೂ ತುಸು ಅಲುಗಿದೆ.