ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಶುಗರ್ ಇದೆ, ಎಲೆಅಡಿಕೆ ಅಭ್ಯಾಸವೂ ಉಂಟು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ಡಾಕ್ಟರು ಕ್ಲೀನ್ ಮಾಡಿಸಲು ಹೇಳಿದರೂ, ‘ಪಕ್ಕದ ಮನೆಯವರಿಗೆ ಆಮೇಲೆಯೇ ಹಲ್ಲು ಅಲ್ಲಾಡಿದ್ದು’ ಎಂದು ಅಮ್ಮ ಒಪ್ಪುತ್ತಿಲ್ಲ.
– ಓದುಗರೊಬ್ಬರು, ಕಾಪು

ಉತ್ತರ: ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಅಮ್ಮ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ನಾಲಿಗೆ ಆಡಿಸಿ ನೋಡಲಿ. ದೊರಗಾದ ಕಟ್ಟೆಯಂಥದು ತಾಗಿದರೆ ಅದೇ ಗಾರೆ. ಜೊಲ್ಲಿನ ನಾಳ ತೆರೆಯುವುದು ಅಲ್ಲೇ. ಜೊಲ್ಲಿನ ಸುಣ್ಣದ ಅಂಶ ಪಾಚಿಯನ್ನು ಕೆಲವೇ ದಿನಗಳಲ್ಲಿ ಕಲ್ಲಾಗಿಸುತ್ತದೆ. ಅದರ ಮೇಲೆ ಮತ್ತೆ ಪಾಚಿ ಕೂತು, ವಸಡು ಊದಿ, ಹಲ್ಲಿನಿಂದ ಬಿಟ್ಟುಕೊಂಡು, ಒಳಗಿನ ಮೂಳೆ ಕರಗತೊಡಗುತ್ತದೆ. ಆಮೇಲೆ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಆ ಗಾರೆಯೇ! ತೆಗೆದೊಡನೆ, ಮೊದಲೇ ಸಡಿಲವಾಗಿದ್ದ ಹಲ್ಲು ಅಲ್ಲಾಡುವುದು ಗೊತ್ತಾಗುತ್ತದೆ. ಊತ ಇಳಿದು ಸಂದು ಕಾಣುವುದು, ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ.

ಡಾಕ್ಟರ ಹತ್ತಿರ ಕೇಳಬೇಕಾದ್ದು ‘ಮೂಳೆ ಎಷ್ಟು ಉಳಿದಿದೆ?’ ಎಂದು. ಎಕ್ಸ್‌ರೇ ನೋಡುತ್ತಾರೆ, ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿಯನ್ನು ವಸಡಿನೊಳಗೆ ಇಳಿಸಿ ಅಳೆಯುತ್ತಾರೆ. 3 ಮಿ.ಮೀ. ವರೆಗೆ ಸರಿ. 4 ಅಥವಾ ಹೆಚ್ಚು ಇದ್ದರೆ ಮರಗಟ್ಟಿಸಿ ವಸಡಿನೊಳಗೆ ಬೇರಿಗಂಟಿದ ಗಾರೆಯನ್ನೂ ತೆಗೆಯಬೇಕು. ಎರಡು ಮೂರು ತಿಂಗಳ ಬಳಿಕ ಮತ್ತೆ ಅಳೆದಾಗ 6 ಅಥವಾ ಹೆಚ್ಚು ಉಳಿದಿದ್ದರೆ ವಸಡು ಬಿಡಿಸಿ ಶುಚಿ ಮಾಡುವ ಆಪರೇಶನ್ ಬೇಕಾದೀತು. ಹೊರಗಿನ ಕ್ಲೀನಿಂಗ್‌ಗೇ ‘ಮುಗಿಯಿತು’ ಎಂದುಕೊಂಡು ಮತ್ತೆ ಅತ್ತ ಹೋಗದವರೇ ಜಾಸ್ತಿ, ಕೆಡುವುದೂ ಅಲ್ಲೇ. ಮಣಿಪಾಲ, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ವಸಡಿಗೇ ಪ್ರತ್ಯೇಕ ವಿಭಾಗವಿದೆ.

ಹೋಗುವಾಗ ಮೂರು ತಿಂಗಳ ಸರಾಸರಿ ಶುಗರ್‌ನ (ಎಚ್‌ಬಿಎ1ಸಿ) ರಿಪೋರ್ಟ್ ಇರಲಿ. ಶುಗರ್ ಏರಿದ್ದರೆ ವಸಡು ಮಾಯುವುದು ನಿಧಾನ. ವಸಡು ಕೆಟ್ಟಿದ್ದರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ತಿಳಿಸಿ, ನೀವೇ ನಿಲ್ಲಿಸಬೇಡಿ.

ಮನೆಯಲ್ಲಿ: ರಕ್ತ ಬಂತೆಂದು ಬ್ರಶ್ ಬಿಡಬಾರದು. ಮೃದು ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಎರಡು ನಿಮಿಷ, ದಿನಕ್ಕೆರಡು ಸಲ. ಸಂದಿಗೆ, ಬಾಟಲಿ ಬ್ರಶ್ಶಿನ ಮರಿಯಂಥದು ಮೆಡಿಕಲ್‌ನಲ್ಲಿ ಸಿಗುತ್ತದೆ. 0.2% ಕ್ಲೋರ್‌ಹೆಕ್ಸಿಡಿನ್ ಬರೆದುಕೊಟ್ಟರೆ 10 ಮಿ.ಲೀ., ಒಂದು ನಿಮಿಷ ಮುಕ್ಕಳಿಸುವುದು. ಪೇಸ್ಟ್ ಬಳಸಿ ಅರ್ಧ ಗಂಟೆ ಬಿಟ್ಟು. ಎರಡು ವಾರ ಮೀರಿದರೆ ಹಲ್ಲು ಕಂದಾಗುತ್ತದೆ. ಉಮಿಕರಿಯಿಂದ ಗಾರೆ ಹೋಗದು, ಬೇರು ಸವೆದೀತು.

ಅಡಿಕೆಯ ಊರಲ್ಲಿ ಹೇಳುವುದು ಕಷ್ಟ, ಆದರೂ: ಎಲೆಅಡಿಕೆಯ ಜೊತೆ ಹೊಗೆಸೊಪ್ಪೂ ಇದ್ದರೆ, ಅದನ್ನು ಇಟ್ಟುಕೊಳ್ಳುವ ಕಡೆ ವಸಡು ಜಾರಿ ಬೇರು ಹೊರಬೀಳುತ್ತದೆ. ಕೆನ್ನೆಯೊಳಗೆ ಬಿಳಿ ಕಲೆ ಇದ್ದರೆ ಅದನ್ನೂ ಅದೇ ದಿನ ತೋರಿಸಿ.